ಪಕ್ಕೆಯ ಕೆಳಗಿನ ಮಾತು

ಸುಬಾನನ ಬಲಪಕ್ಕೆಯ ಕೆಳಗೆ ನೋವು ಮೊದಲು ಕಾಣಿಸಿಕೊಂಡದ್ದು ಕ್ರಿಸ್ಮಸ್ ದಿನ ಸಂಜೆ. ಊಟ ಮುಗಿಸಿ ಅಂಗಳದಲ್ಲಿ ನೆಂಟರ ಜೊತೆ ಹರಟುತ್ತಿದ್ದವನು ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಪಕ್ಕೆ ಹಿಡಿದುಕೊಂಡು ಮುಂದಕ್ಕೆ ಬಾಗಿದ. ಅವನು ಆ ಸಣ್ಣ ದ್ವೀಪದಲ್ಲಿ ದೋಣಿ ಕಟ್ಟುವ ಬಡಗಿ, ಐವತ್ತೆರಡು ವರ್ಷದ ಗಟ್ಟಿ ಆಳು, ಜ್ವರ ಬಂದರೂ ಉಳಿ ಕೆಳಗಿಡದವನು. ಹಲಗೆ ಎತ್ತುವಾಗ ಎಲ್ಲೋ ಉಳುಕಿದೆ ಎಂದು ತನ್ನ ರೋಗಕ್ಕೆ ತಾನೇ ಹೆಸರಿಟ್ಟುಕೊಂಡ. ಹೆಂಡತಿ ಪೆನಿ ಶುಂಠಿ ಅರೆದು ಹಚ್ಚಿದಳು. ಅಕ್ಕ ಬಾರೆಕ್ ನೀರು ಕಾಯಿಸಿ ಶಾಖ ಕೊಟ್ಟಳು. ಎರಡು ತಾಸಿನಲ್ಲಿ ನೋವು ಬಂದ ಹಾಗೆಯೇ ಹೋಯಿತು, ಎಲ್ಲರೂ ಮರೆತರು.

ಜನವರಿಯಲ್ಲಿ ಮತ್ತೆ ಮೂರು ಸಲ ಬಂತು. ಒಮ್ಮೆ ನೆರೆಮನೆಯ ಮದುವೆಯ ದಿನ, ಒಮ್ಮೆ ಹೊಸ ದೋಣಿ ನೀರಿಗಿಳಿಸಿದ ದಿನ, ಇನ್ನೊಮ್ಮೆ ಚರ್ಚಿನ ಹಬ್ಬದ ಮಾರನೆಯ ದಿನ. ಈಗ ನೋವು ಪಕ್ಕೆಯಿಂದ ಬೆನ್ನಿಗೆ, ಬೆನ್ನಿನಿಂದ ಭುಜಕ್ಕೆ ಹತ್ತುತ್ತಿತ್ತು. ಊರಿನ ಆರೋಗ್ಯ ಕೇಂದ್ರಕ್ಕೆ ಹೋದರೆ ಗ್ಯಾಸ್ಟ್ರಿಕ್ ಎಂದು ಚೀಪುವ ಮಾತ್ರೆ ಕೊಟ್ಟರು. ಆ ದ್ವೀಪದಲ್ಲಿ ಎದೆಯಿಂದ ಹೊಕ್ಕುಳವರೆಗಿನ ಎಲ್ಲ ನೋವಿಗೂ ಅದೇ ಹೆಸರು, ಅದೇ ಮಾತ್ರೆ. ಸುಬಾನ್ ಒಂದು ಡಬ್ಬಿ ಖಾಲಿ ಮಾಡಿದ, ನೋವಿಗೆ ಅದು ಲೆಕ್ಕಕ್ಕೇ ಬರಲಿಲ್ಲ.

ಮಗಳು ಕೇವಾ ಊರಿನ ಶಿಶುವಿಹಾರದಲ್ಲಿ ಮಕ್ಕಳಿಗೆ ಪಾಠ ಹೇಳುವವಳು, ವಯಸ್ಸು ಇಪ್ಪತ್ತೆರಡು. ಅವಳಿಗೆ ಎಲ್ಲದಕ್ಕೂ ಒಂದು ದಾರಿ ಗೊತ್ತಿರುತ್ತಿತ್ತು.

"ಅಪ್ಪಾ, ದೋಣಿ ಹತ್ತಿದ್ರೆ ಅರ್ಧ ಗಂಟೆ. ಆಚೆ ದಡದ ಆಸ್ಪತ್ರೇಲಿ ಹೊಟ್ಟೆ ಸ್ಕ್ಯಾನ್ ಮಾಡ್ತಾರೆ. ಸರ್ಕಾರದ ಕಾರ್ಡಿದೆ, ಒಂದು ಕಾಸೂ ಕೊಡ್ಬೇಕಿಲ್ಲ."

"ಪುಕ್ಕಟೆ ಅಂತ ಹೊಟ್ಟೆ ಕೊಯ್ಸ್ಕೊಂಡು ಬರ್ಲಾ?"

"ಕೊಯ್ಯೋದಲ್ಲಪ್ಪ, ಒಳಗಿನ ಫೋಟೋ ತೆಗೆಯೋದು."

"ನನ್ನ ಮುಖದ ಫೋಟೋನೇ ಗೋಡೆ ಮೇಲೆ ನೆಟ್ಟಗೆ ನಿಲ್ಲಲ್ಲ. ಇನ್ನು ಕರುಳಿನ ಫೋಟೋ ಎಲ್ಲಿ ಹಾಕ್ತೀಯಾ?" ಎಂದು ಸುಬಾನ್ ಮಾತು ಹಾರಿಸಿದ. ಬಾರೆಕ್ ನಕ್ಕಳು. ಪೆನಿ ನಗಲಿಲ್ಲ, ಆದರೆ ಗಂಡನನ್ನು ಒತ್ತಾಯವೂ ಮಾಡಲಿಲ್ಲ.

ಬಾರೆಕ್‌ಗೆ ಐವತ್ತೊಂಬತ್ತು. ಮದುವೆಯಾಗದೆ ತಮ್ಮನ ಮನೆಯಲ್ಲೇ ಉಳಿದವಳು. ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಒಲೆಯ ಮುಂದೆ ಕೂತು, ಮಣ್ಣಿನ ಬಾಣಲೆಯಲ್ಲಿ ಮುಸುಕಿನ ಜೋಳ ಹುರಿದು, ಬಿಸಿ ಕಾಳನ್ನು ಎಡಗೈಯಿಂದ ತೆಗೆದು ಕಲ್ಲಿನ ಮೇಲಿಟ್ಟು, ಬಲಗೈಯ ಕಲ್ಲುಗುಂಡಿನಿಂದ ಒಂದೇ ಏಟಿಗೆ ಅವಲಕ್ಕಿಯಂತೆ ಚಪ್ಪಟೆ ಮಾಡುವಳು. ಈ ಜೋಳದ ಅವಲು ಇಲ್ಲದೆ ಆ ಮನೆಯಲ್ಲಿ ಬೆಳಗಾಗುತ್ತಿರಲಿಲ್ಲ. ಐವತ್ತು ವರ್ಷ ಬಿಸಿ ಕಾಳು ಹಿಡಿದು ಅವಳ ಎಡಗೈ ಬೆರಳುಗಳ ತುದಿ ಸತ್ತುಹೋಗಿತ್ತು. ಗುರುತಿನ ಕಾರ್ಡಿಗೆ ಬೆರಳಚ್ಚು ತೆಗೆಯಲು ಬಂದವರು ಸೋತು ಬಲಗೈ ಕೇಳಿದ್ದರು. ಸುಬಾನ್ ಹುಟ್ಟಿದಾಗ ಅವಳಿಗೆ ಏಳು ವರ್ಷ. ಆಗಿನಿಂದಲೂ ತಮ್ಮ ಆ ಕೈಯಿಂದಲೇ ತಿಂದವನು.

ಔಷಧಿಗೆ ಬಗ್ಗದ ನೋವು ಮೈಯದಲ್ಲ, ಮನೆಯದು. ಮನೆಯಲ್ಲಿ ಒಬ್ಬರು ನುಂಗಿಕೊಂಡ ತಪ್ಪು ಇನ್ನೊಬ್ಬರ ಮೈಯಲ್ಲಿ ಹೋಗಿ ಕೂರುತ್ತದೆ. ಇದನ್ನು ಆ ಊರಿನಲ್ಲಿ ಯಾರೂ ಯಾರಿಗೂ ಕಲಿಸಬೇಕಿಲ್ಲ. ಪಾದ್ರಿಗೂ ಗೊತ್ತು, ಆದರೆ ಗೊತ್ತಿಲ್ಲದವರಂತೆ ಇರುತ್ತಾರೆ. ಹಾಗಾಗಿ ಜನವರಿಯ ಕೊನೆಗೆ ಸುಬಾನ್ ತಾನಾಗಿಯೇ ಬೋಲಿ ತಾತನನ್ನು ಕರೆಸಿದ. ಬೋಲಿ ಊರಿನ ಮೊಲಾನ್. ಇಂಥ ನೋವುಗಳ ಕಾರಣ ಹುಡುಕಿಕೊಡುವುದು ಅವನ ಕೆಲಸ. ಅವನು ತಟ್ಟೆಯಲ್ಲಿ ಕೋಳಿಮೊಟ್ಟೆ ಒಡೆದು ನೋಡಿ, ಪಕ್ಕೆಯ ಕೆಳಗೆ ಒಂದು ಮಾತು ಸಿಕ್ಕಿಕೊಂಡಿದೆ, ಮನೆಯವರೆಲ್ಲ ಕೂತು ಬಾಯಿಬಿಡಬೇಕು ಎಂದ.

ಶನಿವಾರ ಎಲ್ಲರೂ ಕೂತರು. ತೆಂಗಿನ ಕರಟದ ನೀರು ಕೈಯಿಂದ ಕೈಗೆ ಹೋಯಿತು. ಅದನ್ನು ಹಿಡಿದವರು ತಮ್ಮ ತಪ್ಪು ಹೇಳಿ, ಒಂದು ಗುಟುಕು ನೀರು ಹೊರಗೆ ಉಗಿಯಬೇಕು. ಸುಬಾನ್ ಮೊದಲು, ಸೀಳುಬಿಟ್ಟ ಹಲಗೆಯೊಂದಕ್ಕೆ ಡಾಂಬರು ಬಳಿದು ದೋಣಿಗೆ ಹಾಕಿದ್ದೆ ಎಂದ. ಕೇವಾ, ಹೋದ ವರ್ಷ ಮೂರು ಕೋಳಿ ಮಾರಿ ಫೋನಿಗೆ ದುಡ್ಡು ಹಾಕಿಸಿಕೊಂಡು ನಾಯಿಯ ಮೇಲೆ ಹೇಳಿದ್ದೆ ಎಂದಳು. ಆ ನಾಯಿಗೆ ಅಂದು ಬಿದ್ದ ಏಟು ನೆನೆದು ಎಲ್ಲರೂ ಅಂಗಳದ ಕಡೆ ನೋಡಿದರು. ಬಾರೆಕ್ ಕೂಡಿಟ್ಟ ನೂಲಿನಲ್ಲಿ ಒಂದುಂಡೆ ತೆಗೆದು ತನ್ನ ತಂಗಿಗೆ ಕೊಟ್ಟಿದ್ದನ್ನು ಪೆನಿ ಹೇಳಿದಳು. ಕೊನೆಗೆ ಕರಟ ಬಾರೆಕ್ ಕೈಗೆ ಬಂತು.

"ನಂದು ಹೊಸದೇನಿಲ್ಲ. ಇರೋದನ್ನೆಲ್ಲ ತಿಂಗಳಿಗೊಂದು ಸಲ ಪಾದ್ರಿ ಮುಂದೆ ಹೇಳ್ತೀನಿ. ಅವರಿಗೇ ಆಕಳಿಕೆ ಬರುತ್ತೆ."

ತಪ್ಪೆಲ್ಲ ಹೊರಗೆ ಬಂದದ್ದಕ್ಕೆ ಹಂದಿ ಕಡಿದರು. ಅದು ಕಡ್ಡಾಯ, ಒಂದೇ ಪಾತ್ರೆಯ ಮಾಂಸ ಎಲ್ಲರೂ ತಿನ್ನಬೇಕು, ರೋಗಿ ಎಲ್ಲರಿಗಿಂತ ಹೆಚ್ಚು ತಿನ್ನಬೇಕು. ಬೋಲಿ ತಾತ ಕೊಬ್ಬಿನ ತುಂಡುಗಳನ್ನೇ ಆರಿಸಿ ಸುಬಾನನ ಎಲೆಗೆ ಹಾಕಿದ. ಸಂಜೆಯ ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಿಗೆ ಸುಬಾನ್ ನೆಲದ ಮೇಲೆ ಉರುಳಾಡುತ್ತಿದ್ದ. ತಿಂದದ್ದೆಲ್ಲ ಕಾರಿಕೊಂಡ. ಇಂಥ ನೋವು ಹಿಂದೆಂದೂ ಬಂದಿರಲಿಲ್ಲ.

ಬೋಲಿ ತಾತ ಗಾಬರಿಯಾಗಲಿಲ್ಲ. "ಸಣ್ಣಪುಟ್ಟದ್ದೆಲ್ಲ ಹೊರಗೆ ಬಂತು. ದೊಡ್ಡದು ಒಳಗೇ ಇದೆ. ಅದಕ್ಕೇ ಸಿಟ್ಟು ಬಂದಿರೋದು" ಎಂದು ಹೇಳಿ, ಎರಡು ವಾರ ಬಿಟ್ಟು ಮತ್ತೆ ಕೂರೋಣ ಎಂದು ಎದ್ದುಹೋದ.

ಆ ಎರಡು ವಾರ ಪೆನಿಗೆ ಊಟ ಸೇರಲಿಲ್ಲ. ದೊಡ್ಡದು ಯಾವುದೆಂದು ಅವಳಿಗೆ ಗೊತ್ತಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಸುಬಾನ್ ಕಡಲಾಚೆಯ ಸಬಾ ಎಂಬ ನಾಡಿನಲ್ಲಿ ಮರದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಕೇವಾ ಆರು ತಿಂಗಳ ಕೂಸು. ಪೆನಿಯ ಅತ್ತೆ, ಸುಬಾನನ ಅಮ್ಮ, ಹಾಸಿಗೆ ಹಿಡಿದಿದ್ದಳು. ಅತ್ತೆ ಹಾಗೆ ಹಾಸಿಗೆ ಹಿಡಿದದ್ದು ಅದು ಮೂರನೆಯ ಸಲ. ಮೊದಲ ಸಲ ಸುಬಾನ್ ಎರಡು ದಿನ ಹಡಗಿನಲ್ಲಿ ಬಿದ್ದು ಎದ್ದು ಬಂದರೆ, ಅಮ್ಮ ಎದ್ದು ಕೂತು ಅಡಿಕೆ ಜಗಿಯುತ್ತಿದ್ದಳು. ಅವನ ಕೆಲಸ ಹೋಗಿತ್ತು, ಮತ್ತೆ ಸಿಗಲು ಆರು ತಿಂಗಳು ಹಿಡಿದಿತ್ತು. ಈ ಸಲವೂ ಅವಳು ಸುಬಾನ್, ಸುಬಾನ್ ಎಂದು ಕರೆಯತೊಡಗಿದಳು. ಅಮ್ಮನ ಹಾಸಿಗೆಯ ಪಕ್ಕ ಬಿಟ್ಟು ಏಳಲಾರದ ಬಾರೆಕ್ ಕಾರ್ಖಾನೆಯ ಫೋನ್ ನಂಬರಿನ ಚೀಟಿಯನ್ನು ಪೆನಿಯ ಕೈಗೆ ಕೊಟ್ಟು, ಚರ್ಚಿನ ಕಚೇರಿಯಿಂದ ಹೇಳಿ ಕಳಿಸು ಎಂದಳು. ಪೆನಿ ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟಳು. ಹುಣಸೆಮರದ ಹತ್ತಿರ ದಾರಿ ಕವಲೊಡೆಯುತ್ತದೆ: ಎಡಕ್ಕೆ ಚರ್ಚು, ಬಲಕ್ಕೆ ಗುಡ್ಡದ ಜೋಳದ ಹೊಲ. ಅಲ್ಲಿ ಕೂತು ಕೂಸಿಗೆ ಹಾಲು ಕುಡಿಸಿದಳು. ಮುದುಕಿ ನಾಳೆ ಎದ್ದು ಕೂರುತ್ತಾಳೆ, ಗಂಡನ ಕೆಲಸ ಮತ್ತೆ ಹೋಗುತ್ತದೆ ಎಂದುಕೊಂಡಳು. ಅತ್ತೆ ಹಿಂದಿನ ದಿನ ಅಂದ ಮಾತೊಂದು ಚುಚ್ಚುತ್ತಲೂ ಇತ್ತು. ಅರ್ಧ ದಾರಿಯಿಂದ ಹಿಂದಿರುಗಿದಳು.

"ಹೇಳಿ ಬಂದೆಯಾ?" ಎಂದು ಬಾರೆಕ್ ಕೇಳಿದ್ದಳು.

"ಹೇಳಿ ಬಂದೆ" ಎಂದಿದ್ದಳು ಪೆನಿ.

ಅತ್ತೆ ಮೂರು ದಿನ ಮಗನ ಹೆಸರು ಕರೆದು ಪ್ರಾಣ ಬಿಟ್ಟಳು. ತಿಂಗಳಾದ ಮೇಲೆ ಬಾರೆಕ್ ಚರ್ಚಿನ ಗುಮಾಸ್ತನಿಗೆ ಉಪಕಾರ ಹೇಳಲು ಹೋದಾಗ, ನಿಮ್ಮ ಮನೆಯಿಂದ ಯಾರೂ ಬಂದಿರಲಿಲ್ಲವಲ್ಲ ಎಂದು ಅವನು ಹೇಳಿದ. ಮನೆಗೆ ಬಂದು ಅವಳು ಪೆನಿಯನ್ನು ಒಂದು ಮಾತೂ ಕೇಳಲಿಲ್ಲ. ವರ್ಷದ ಕೊನೆಗೆ ಬಂದ ಸುಬಾನ್, ನನಗ್ಯಾಕೆ ಮೊದಲೇ ಹೇಳಿ ಕಳಿಸಲಿಲ್ಲ ಎಂದಾಗ, ಪೆನಿ ಬಾಯಿ ತೆರೆಯುವ ಮೊದಲೇ ಬಾರೆಕ್, "ನಿದ್ದೇಲೇ ಹೋದ್ಲು ಕಣೋ. ಹೇಳಿ ಕಳ್ಸೋಕೆ ಹೊತ್ತೇ ಇರಲಿಲ್ಲ" ಎಂದಳು. ಬಾರೆಕ್‌ಗೆ ಎಲ್ಲ ಗೊತ್ತಿದೆ ಎಂದು ಆ ಗಳಿಗೆಯಲ್ಲಿ ಪೆನಿಗೆ ಅರ್ಥವಾಯಿತು. ಆಮೇಲೆ ಇಬ್ಬರೂ ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಕೂತರು. ಉಪ್ಪು, ಖಾರ, ಸೌದೆ, ಕೋಳಿ ಎಲ್ಲದಕ್ಕೂ ಜಗಳವಾಡಿದರು. ಇದೊಂದರ ಸುದ್ದಿ ಎತ್ತಲಿಲ್ಲ.

ಎರಡನೆಯ ಸಲ ಕೂತದ್ದು ಬೂದಿ ಬುಧವಾರದ ಹಿಂದಿನ ದಿನ ಮಧ್ಯಾಹ್ನ. ಸುಬಾನ್ ಇಳಿದುಹೋಗಿದ್ದ, ಗೋಡೆಗೆ ಒರಗಿಯೇ ಕೂತ. ಬೋಲಿ ತಾತ ಮತ್ತೊಂದು ಮೊಟ್ಟೆ ಒಡೆದ. ಹಳದಿಯಲ್ಲಿ ಒಂದು ಕೆಂಪು ಚುಕ್ಕೆಯಿತ್ತು.

"ಸತ್ತವರ ಮಾತು ಇದು. ಈ ಮನೆ ಹೆಂಗಸರಿಗೆ ಗೊತ್ತು" ಎಂದು ಅವನು ಕರಟವನ್ನು ಇಬ್ಬರ ನಡುವೆ ಇಟ್ಟ.

ಕೇವಾ ಸಿಡುಕಿದಳು. "ತಾತ, ಹೆಂಗಸರು ಹೆಂಗಸರು ಅಂತ ಯಾಕೆ? ಆ ಮೊಟ್ಟೆ ಕೋಳೀನೇ ಕೇಳಿ."

"ಬಾಯಿ ಮುಚ್ಚು" ಎಂದ ಸುಬಾನ್. ಆಮೇಲೆ ಬೇಡುವ ದನಿಯಲ್ಲಿ, "ಏನಾದ್ರೂ ಇದ್ರೆ ಹೇಳ್ಬಿಡ್ರೇ. ನನಗೆ ತಡ್ಕೊಳ್ಳೋಕಾಗ್ತಿಲ್ಲ. ಯಾರು ಏನೇ ಮಾಡಿರ್ಲಿ, ನಾನೇನೂ ಅನ್ನಲ್ಲ" ಎಂದ.

ಪೆನಿಯ ಕೈ ಕರಟದ ಕಡೆ ಹೋಯಿತು. ಹೋಗಿದ್ದು ನಿಜ, ಅದನ್ನು ಅವಳು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಆದರೆ ಕೈ ನಿಧಾನ ಮಾಡಿತು. ಬಾರೆಕ್ ಕರಟ ಎತ್ತಿಕೊಂಡಳು.

"ಅಮ್ಮ ನಿದ್ದೇಲಿ ಹೋಗ್ಲಿಲ್ಲ. ಮೂರು ದಿನ ನಿನ್ನ ಹೆಸರು ಕರೆದ್ಲು. ನಿನಗೆ ಹೇಳಿ ಕಳ್ಸಲಿಲ್ಲ."

"ಯಾರು ಕಳ್ಸಲಿಲ್ಲ?"

"ನಾನು. ನಿನ್ನ ಕೆಲಸ ಹೋಗುತ್ತೆ ಅಂತ" ಎಂದು ಬಾರೆಕ್ ನೀರು ಬಾಯಿಗೆ ಹಾಕಿಕೊಂಡು ಬಾಗಿಲ ಆಚೆ ಉಗಿದಳು.

ಏನೂ ಅನ್ನುವುದಿಲ್ಲ ಎಂದಿದ್ದ ಸುಬಾನ್ ಅಂದ. ಅಮ್ಮನ ಗೋರಿಯ ಮುಂದೆ ವರ್ಷಾ ವರ್ಷಾ ಮೇಣದಬತ್ತಿ ಹಚ್ಚುವಾಗ ನೀನು ನನ್ನ ಪಕ್ಕ ಹೇಗೆ ನಿಂತೆ ಎಂದು ಕೇಳಿದ. ನಿನ್ನ ಕೈ ತುತ್ತು ತಿಂದು ಬೆಳೆದದ್ದಕ್ಕೆ ನನಗೆ ಈ ನೋವು ಎಂದ. ತಪ್ಪು ಮಾಡಿದವಳು ರೋಗಿ ಗುಣವಾಗುವವರೆಗೆ ಅದೇ ಒಲೆಯ ಬೆಂಕಿ ಮುಟ್ಟಬಾರದು, ಅವನಿಗೆ ಕೈಯಾರೆ ಏನೂ ಕೊಡಬಾರದು ಎಂದು ಬೋಲಿ ತಾತ ನಿಯಮ ಹೇಳಿದ. ಬಾರೆಕ್ ಒಂದು ಚಾಪೆ, ಎರಡು ನೇಯ್ದ ಪಂಚೆ, ತನ್ನ ಕುಟ್ಟುವ ಗುಂಡು ತೆಗೆದುಕೊಂಡು ಗುಡ್ಡದ ಹೊಲದ ಗುಡಿಸಲಿಗೆ ಹೊರಟಳು. ಪೆನಿ ಬಾಗಿಲಲ್ಲಿ ನಿಂತಿದ್ದಳು. ಬಾರೆಕ್ ಅವಳ ಮುಖ ನೋಡದೆ, "ನೆನೆಹಾಕಿದ ಹುರುಳಿ ಹಾಗೇ ಇದೆ, ಬೇಯ್ಸು" ಎಂದು ಹೇಳಿ ಅಂಗಳ ದಾಟಿದಳು.

ಮಾರನೆಯ ದಿನದಿಂದ ಈಸ್ಟರಿನವರೆಗೆ ಉಪವಾಸದ ನಲವತ್ತು ದಿನ. ಸುಬಾನ್ ಗುಣವಾಗಲೆಂದು ಆ ವರ್ಷ ಮನೆಯಲ್ಲಿ ಮಾಂಸ, ತೆಂಗಿನ ಹಾಲು, ಕರಿದದ್ದು ಮೂರನ್ನೂ ಬಿಡುವ ಹರಕೆ ಹೊತ್ತರು. ಜೋಳ, ನುಗ್ಗೆಸೊಪ್ಪಿನ ಸಾರು, ಬೇಯಿಸಿದ ಹುರುಳಿ, ಅಪರೂಪಕ್ಕೆ ಸುಟ್ಟ ಸಣ್ಣ ಮೀನು. ಜೋಳ ಕುಟ್ಟುವ ಕೆಲಸ ಪೆನಿಗೆ ಬಂತು. ಮೊದಲ ದಿನವೇ ಬೆರಳುಗಳಲ್ಲಿ ಬೊಕ್ಕೆ ಎದ್ದವು. ಅವಲು ಕೆಲವು ಕಡೆ ದಪ್ಪ, ಕೆಲವು ಕಡೆ ಪುಡಿ. ಸುಬಾನ್ ಅದನ್ನೇ ಅಗಿದು ನುಂಗಿದ.

ಅವನ ನೋವು ನಿಂತಿತು. ಒಂದು ವಾರ, ಎರಡು ವಾರ, ಮೂರು ವಾರ. ಮತ್ತೆ ಉಳಿ ಹಿಡಿದ. ಬೋಲಿ ತಾತನ ಹೆಸರು ಪಕ್ಕದ ಊರಿಗೂ ಹಬ್ಬಿತು. ಕೇವಾ ಮಾತ್ರ ಬಿಡಲಿಲ್ಲ.

"ನೋವಿಲ್ದಾಗ್ಲೇ ತೋರಿಸ್ಕೊಂಡು ಬರೋಣ ಬಾಪ್ಪ."

"ಕಾರಣ ಸಿಕ್ತಲ್ಲ. ಇನ್ನೇನು ತೋರಿಸ್ಲಿ?"

"ಹಾಗಾದ್ರೆ ಅತ್ತೇನ ಕರ್ಕೊಂಡು ಬಾ. ಗುಣ ಆಗೋವರ್ಗೂ ಅಂತ ತಾನೇ ತಾತ ಹೇಳಿದ್ದು?"

ಸುಬಾನ್ ಉಳಿ ಮಸೆಯತೊಡಗಿದ. ಗುಣವಾದಷ್ಟೂ ಅವನ ಸಿಟ್ಟು ಗಟ್ಟಿಯಾಗುತ್ತಿತ್ತು. ನೋವು ಹೋದದ್ದೇ ಅಕ್ಕ ತಪ್ಪಿತಸ್ಥೆ ಎಂಬುದಕ್ಕೆ ಸಾಕ್ಷಿಯಾಗಿತ್ತು.

ಆ ಮನೆಯಲ್ಲಿ, ಆ ಊರಿನಲ್ಲಿ, ಬಾರೆಕ್ ಬಿಟ್ಟರೆ, ಅದು ಸಾಕ್ಷಿಯಲ್ಲವೆಂದು ಗೊತ್ತಿದ್ದವಳು ಪೆನಿ ಒಬ್ಬಳೇ. ಬಾರೆಕ್ ಹೇಳಿದ್ದು ಸುಳ್ಳು. ಸುಳ್ಳಿಗೆ ನೋವು ಹೋಗಿದ್ದರೆ, ನೋವಿಗೂ ಆ ಮಾತಿಗೂ ಸಂಬಂಧವೇ ಇಲ್ಲ. ಬೇರೆ ಏನೋ ಇದೆ, ಅದನ್ನು ಹುಡುಕಬೇಕು. ಇಷ್ಟು ಅವಳಿಗೆ ಹೊಳೆಯಿತು. ಹೊಳೆದದ್ದನ್ನು ಯಾರಿಗಾದರೂ ಹೇಳಬೇಕೆಂದರೆ ಮೊದಲು ಆ ಇನ್ನೊಂದನ್ನು ಹೇಳಬೇಕಿತ್ತು. ಸೊಪ್ಪು ಬಿಡಿಸುತ್ತಾ, ಪಾತ್ರೆ ಬೆಳಗುತ್ತಾ ಇದನ್ನೇ ತಿರುಗಿಸಿ ಮುರುಗಿಸಿ ಯೋಚಿಸಿದಳು. ಮಗಳು ಆಸ್ಪತ್ರೆಯ ಮಾತೆತ್ತಿದಾಗಲೆಲ್ಲ ಗಂಡನಿಗೆ ಒಂದು ಮಾತು ಹೇಳಿದ್ದರೆ ಅವನು ಹೋಗುತ್ತಿದ್ದನೇನೋ. ಅದನ್ನೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಬೇರೆ ಕಾರಣ ಸಿಕ್ಕರೆ, ಹಾಗಾದರೆ ಅಕ್ಕನ ಮಾತೇನು ಎಂದು ಸುಬಾನ್ ಅಗೆಯತೊಡಗುತ್ತಾನೆಂಬ ಭಯ ಅವಳಿಗೆ.

ನಾಲ್ಕನೆಯ ವಾರ ಗಂಡನಿಗೆ ಹೇಳದೆ ಹುರುಳಿ, ಉಪ್ಪು, ಒಣಮೀನು ಕಟ್ಟಿಕೊಂಡು ಗುಡ್ಡ ಹತ್ತಿದಳು. ಬಾರೆಕ್ ಗುಡಿಸಲ ಮುಂದೆ ಕಲ್ಲು ಹಾಕಿಕೊಂಡು ಜೋಳ ಕುಟ್ಟುತ್ತಿದ್ದಳು. ಒಬ್ಬಳಿಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ಕುಟ್ಟಿದ್ದಳು.

"ಹೇಗಿದ್ದಾನೆ?"

"ಚೆನ್ನಾಗಿದ್ದಾರೆ. ನೋವಿಲ್ಲ."

"ಸದ್ಯ" ಎಂದಳು ಬಾರೆಕ್.

"ಅಕ್ಕ, ನೀವು ಹೇಳಿದ್ದು ಸುಳ್ಳಲ್ವಾ? ಸುಳ್ಳಿಗೆ ಹೇಗೆ ಹೋಯ್ತು ನೋವು?"

"ಹೋಯ್ತಲ್ಲ, ಯಾಕೆ ಅಂತ ಕೆದಕಬೇಡ."

"ನಾನು ಅವರಿಗೆ ಹೇಳ್ಬಿಡ್ತೀನಿ."

ಬಾರೆಕ್ ಗುಂಡು ಕೆಳಗಿಟ್ಟಳು. "ಹೇಳೋಳಾಗಿದ್ರೆ ಅವತ್ತೇ ಹೇಳ್ತಿದ್ದೆ. ನಾನು ಕಾಯ್ದೆ ಪೆನಿ. ಕರಟ ಎತ್ಕೋತೀಯೇನೋ ಅಂತ ಸ್ವಲ್ಪ ಹೊತ್ತು ಕಾಯ್ದೆ." ಆಮೇಲೆ ದನಿ ಇಳಿಸಿ, "ನನ್ನನ್ನ ಹೊರಗೆ ಹಾಕಿದ್ರೆ ಒಬ್ಬಳು ಹೊರಗೆ. ನಿನ್ನನ್ನ ಹಾಕಿದ್ರೆ ಮನೆಯೇ ಹೋಗುತ್ತೆ. ಮಗಳಿಗೆ ನಾಳೆ ಮದುವೆ ಆಗ್ಬೇಕು. ಸುಮ್ನೆ ಹೋಗು" ಎಂದಳು. ಹೊರಡುವಾಗ ಒಂದು ಬುಟ್ಟಿ ಅವಲು ಕೊಟ್ಟು, ನಾನೇ ಕುಟ್ಟಿದ್ದು ಅಂತ ಹೇಳು ಎಂದಳು.

ಪೆನಿ ಬುಟ್ಟಿ ತಂದಳು. ಮಾರನೆಯ ಬೆಳಿಗ್ಗೆ ಸುಬಾನ್ ಎರಡು ಸಲ ಬಡಿಸಿಕೊಂಡು, ಕೈ ಪಳಗಿತು ನೋಡು ನಿನಗೆ ಎಂದ. ಅವಳು ಹೂಂ ಎಂದಳು.

ಈಸ್ಟರ್ ಬಂತು. ನಲವತ್ತು ದಿನದ ಬಾಯಿಚಪಲ ಒಂದೇ ದಿನ ತೀರಿಸಿಕೊಳ್ಳುವ ಹಬ್ಬ. ಹಂದಿಯ ಚರ್ಮ ಕರಿದದ್ದು, ರಕ್ತ ಹಾಕಿ ಬೇಯಿಸಿದ ಮಾಂಸ, ತೆಂಗಿನ ಹಾಲಿನ ಪಲ್ಯ. ಸುಬಾನ್ ಗುಣವಾದ ಮನುಷ್ಯನ ಹಾಗೆ ತಿಂದ, ಪೆನಿಯೇ ಬಡಿಸಿದಳು. ಸಂಜೆಗೆ ನೋವು ಬಂತು, ಈ ಸಲ ಹೋಗಲಿಲ್ಲ. ಮಾರನೆಯ ದಿನ ಚಳಿಜ್ವರ, ಅದರ ಮಾರನೆಯ ದಿನ ಕಣ್ಣು ಹಳದಿ. ಬೋಲಿ ತಾತನಿಗೆ ಹೇಳಿ ಕಳಿಸಲು ಹೊರಟ ನೆಂಟರನ್ನು ಕೇವಾ ಬಾಗಿಲಲ್ಲೇ ತಡೆದಳು.

"ಇನ್ನು ಯಾರ ಬಾಯಿ ಬಿಡಿಸ್ತೀರಿ? ಮನೇಲಿ ಉಳಿದಿರೋದು ನಾನು, ಅಮ್ಮ, ನಾಯಿ" ಎಂದು ಹೇಳಿ ತಾನೇ ಹೋಗಿ ದೋಣಿ ಗೊತ್ತುಮಾಡಿ ಬಂದಳು.

ಆಚೆ ದಡದ ಆಸ್ಪತ್ರೆಯಲ್ಲಿ ಪಕ್ಕೆಯ ಕೆಳಗೆ ತಣ್ಣನೆಯ ಅಂಟು ಹಚ್ಚಿ ಯಂತ್ರ ಒತ್ತಿದರು. ಕಾರಣ ಸಿಗಲು ಐದು ನಿಮಿಷ ಸಾಕಾಯಿತು. ಪಿತ್ತಕೋಶದ ತುಂಬ ಕಲ್ಲು, ಒಂದು ಜಾರಿ ದಾರಿ ಕಟ್ಟಿದೆ, ಒಳಗೆ ಕೀವಾಗಿದೆ. ವೈದ್ಯೆ ಚಿಕ್ಕ ವಯಸ್ಸಿನವಳು. ಕಾಗದ ಮುಂದಿಟ್ಟುಕೊಂಡು ಪೆನಿಯನ್ನು ಒಂದೊಂದಾಗಿ ಕೇಳಿದಳು. ಮೊದಲ ಸಲ ನೋವು ಯಾವಾಗ? ಕ್ರಿಸ್ಮಸ್. ಅವತ್ತು ಏನು ತಿಂದಿದ್ದರು? ಹಂದಿ. ಆಮೇಲೆ? ಮದುವೆಮನೆ, ದೋಣಿಯ ಹಬ್ಬ, ಚರ್ಚಿನ ಹಬ್ಬ. ಅಲ್ಲೆಲ್ಲ? ಹಂದಿ. ಉತ್ತರ ಕೊಡುತ್ತಾ ಕೊಡುತ್ತಾ ಪೆನಿಯ ದನಿ ಸಣ್ಣದಾಯಿತು.

"ಮಧ್ಯೆ ನಲವತ್ತು ದಿನ ನೋವೇ ಇರಲಿಲ್ಲ ಅಂತೀರಿ. ಆಗೇನು ಬದಲಾಯ್ತು?"

"ಕೊಬ್ಬಿನದು ಬಿಟ್ಟಿದ್ವಿ."

"ಬೇರೇನಾದ್ರೂ?"

"ಇಲ್ಲ. ಬೇರೇನೂ ಇಲ್ಲ."

"ಆಗಲೇ ಕರ್ಕೊಂಡು ಬಂದಿದ್ರೆ ಸಣ್ಣ ತೂತಿನಲ್ಲಿ ಮುಗೀತಿತ್ತು. ಈಗ ದೊಡ್ಡದಾಗಿ ಕೊಯ್ಬೇಕು. ಉಳೀತಾರೆ ಅಂತ ನಾನು ಮಾತು ಕೊಡಕ್ಕಾಗಲ್ಲ" ಎಂದು ವೈದ್ಯೆ ಕಾಗದ ತಿರುಗಿಸಿ ಹೆಬ್ಬೆಟ್ಟಿನ ಜಾಗ ತೋರಿಸಿದಳು.

ಆರು ದಿನ ಅವನು ಇದ್ದಾನೆಂದೂ ಇಲ್ಲವೆಂದೂ ಹೇಳುವ ಹಾಗಿರಲಿಲ್ಲ. ಪೆನಿ ವರಾಂಡದಲ್ಲಿ ಚಾಪೆ ಹಾಸಿ ಕೂತಳು. ಪ್ರಾರ್ಥನೆ ಮಾಡಲು ಹೋದರೆ ಬಾಯಿಗೆ ಬರುತ್ತಿದ್ದುದು ಒಂದೇ: ನನಗೆ ಗೊತ್ತಿತ್ತು. ಏಳನೆಯ ದಿನ ಸುಬಾನ್ ಕಣ್ಣು ಬಿಟ್ಟು ಗಂಜಿ ಕೇಳಿದ. ಮೂರು ವಾರದ ಮೇಲೆ ಮನೆಗೆ ಬಂದ. ಪಕ್ಕೆಯ ಕೆಳಗೆ ಒಂದು ಗೇಣು ಹೊಲಿಗೆ, ಜೇಬಿನಲ್ಲಿ ಒಂದು ಸಣ್ಣ ಶೀಶೆ. ಶೀಶೆಯೊಳಗೆ ಹನ್ನೊಂದು ಕಲ್ಲು, ಹುರಿದ ಜೋಳದ ಕಾಳಿನಷ್ಟು. ಅದನ್ನು ಅಮ್ಮನ ಪಟದ ಮುಂದೆ ಇಟ್ಟು ಬಹಳ ಹೊತ್ತು ನೋಡಿದ.

"ಇಷ್ಟಕ್ಕೆ ಅಕ್ಕನ್ನ ಗುಡ್ಡ ಹತ್ತಿಸ್ದೆ" ಎಂದ. ಪೆನಿ ಒಲೆಯ ಬೂದಿ ಕೆದಕಿದಳು. ಅವನೇ ಮುಂದುವರಿಸಿದ. "ಅವಳು ಮಾಡಿದ್ದು ತಪ್ಪೇ. ಆದ್ರೂ ಅದು ಹಳೇದು. ನೀನು ಹೋಗಿ ಹೇಳು ಅವಳಿಗೆ. ಸುಬಾನ್ ಕ್ಷಮಿಸಿದಾನೆ, ಮನೆಗೆ ಬರಬೇಕಂತೆ ಅನ್ನು."

ಪೆನಿ ಹೊರಟಳು. ಬಿಸಿಲು ಇನ್ನೂ ಏರಿರಲಿಲ್ಲ. ಹುಣಸೆಮರದ ಹತ್ತಿರ ಬಂದಾಗ ಬೇರಿನ ಮೇಲೆ ಕೂತಳು. ಎಡಕ್ಕೆ ಚರ್ಚಿನ ದಾರಿ, ಬಲಕ್ಕೆ ಗುಡ್ಡದ ದಾರಿ. ತಾನು ಮಾಡಿದ ತಪ್ಪಿನ ಕ್ಷಮೆಯನ್ನು ಆ ತಪ್ಪು ಮಾಡದವಳ ಕೈಗೆ ಕೊಟ್ಟು ಬರಬೇಕು. ಬಾರೆಕ್ ಅದನ್ನೂ ಬೇಡ ಎನ್ನದೆ ತೆಗೆದುಕೊಳ್ಳುತ್ತಾಳೆ. ಚಾಪೆ ಮಡಚಿಕೊಂಡು ಕೆಳಗಿಳಿದು ಬಂದು ಒಲೆಯ ಮುಂದೆ ಕೂರುತ್ತಾಳೆ. ಎಲ್ಲ ಸರಿಹೋಗುತ್ತದೆ. ಹೀಗೆ ಸರಿಹೋಗುವುದನ್ನು ನೆನೆದೇ ಪೆನಿಗೆ ಅಳು ಬಂತು. ಸ್ವಲ್ಪ ಹೊತ್ತು ಅತ್ತು, ಎದ್ದು, ಅರ್ಧ ದಾರಿಯಿಂದ ಹಿಂದಿರುಗಿದಳು.

ಸುಬಾನ್ ಜಗಲಿಯಲ್ಲಿ ದಿಂಬಿಗೆ ಒರಗಿ ಕೂತಿದ್ದ. ಇಷ್ಟು ಬೇಗ ಬಂದದ್ದು ನೋಡಿ ಹುಬ್ಬೇರಿಸಿದ.

"ಹೇಳಿ ಬಂದೆಯಾ?"

"ಇಲ್ಲ" ಎಂದಳು ಪೆನಿ. "ಅವತ್ತೂ ಇಲ್ಲ. ಅಕ್ಕ ನನ್ನನ್ನೇ ಕಳ್ಸಿದ್ರು, ಚೀಟಿ ಕೊಟ್ಟು. ನಾನು ಹುಣಸೆಮರದಿಂದ ವಾಪಸ್ ಬಂದು, ಹೇಳಿ ಬಂದೆ ಅಂದೆ."

ಎಲ್ಲವನ್ನೂ ನಿಂತೇ ಹೇಳಿದಳು. ಮುಗಿದ ಮೇಲೆ ಅವನು ಎರಡೇ ಮಾತು ಕೇಳಿದ.

"ಅಕ್ಕನಿಗೆ ಗೊತ್ತಿತ್ತಾ?"

"ಮೊದಲಿಂದ್ಲೂ."

"ಉಪವಾಸದಲ್ಲಿ ನನ್ನ ನೋವು ನಿಂತಾಗ, ಅಕ್ಕ ಹೇಳಿದ್ದು ಸುಳ್ಳು, ಕಾರಣ ಬೇರೆ ಇದೆ ಅಂತ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

ಸುಬಾನ್ ಅಂಗಿ ಕೇಳಿದ. ಕೋಲು ತೆಗೆದುಕೊಂಡ. ಹೊಲಿಗೆ ಬಿಟ್ಟೀತು ಎಂದು ಪೆನಿ ತೋಳು ಹಿಡಿಯಲು ಹೋದಾಗ ಸಿಟ್ಟಿನಿಂದಲ್ಲ, ಮೆಲ್ಲಗೆ, ಕೈ ಬಿಡಿಸಿಕೊಂಡ. ಒಂದು ಕೈ ಪಕ್ಕೆಗೆ ಒತ್ತಿಕೊಂಡು, ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾ ಗುಡ್ಡದ ದಾರಿ ಹಿಡಿದ.

ಮಧ್ಯಾಹ್ನ ಕಳೆದ ಮೇಲೆ ಅಕ್ಕ ತಮ್ಮ ಇಳಿದು ಬಂದರು. ಬಾರೆಕ್ ಚಾಪೆಯನ್ನು ತಲೆಯ ಮೇಲಿಟ್ಟು, ತಮ್ಮನ ತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡಿದ್ದಳು. ಅವಳ ಕಣ್ಣು ಊದಿತ್ತು. ಒಳಗೆ ಬಂದವಳು ಬೂದಿ ಮುಟ್ಟಿ ನೋಡಿ, "ಒಲೆ ಆರಿದೆ. ಬೆಳಗಿಂದ ಏನು ತಿಂದಿದಾನೆ ಇವನು?" ಎಂದು ಪೆನಿಯನ್ನು ಗದರಿದಳು. ಆಮೇಲೆ ಕಲ್ಲಿನ ಮುಂದೆ ತನ್ನ ಜಾಗದಲ್ಲಿ ಕೂತು ಬಾಣಲೆ ಇಟ್ಟಳು. ಸುಬಾನ್ ಅವಳ ಪಕ್ಕದಲ್ಲೇ ಕೂತ.

"ಅಮ್ಮ ಏನಂತ ಕರೀತಿದ್ಲು ಅಕ್ಕ?"

"ನಿನ್ನ ಹೆಸರು. ಬೇರೇನಿಲ್ಲ. ಬಾಗಿಲ ಕಡೆ ನೋಡ್ಕೊಂಡು ನಿನ್ನ ಹೆಸರು."

ಮೊದಲ ಅವಲನ್ನು ಅವಳು ತಮ್ಮನ ಅಂಗೈಗೆ ಹಾಕಿದಳು. ಎರಡನೆಯದನ್ನು ಪೆನಿಯ ಕಡೆ ಸರಿಸಿದಳು. ಸುಬಾನ್ ಆ ಕಡೆ ನೋಡಲಿಲ್ಲ.

ಪೆನಿಯನ್ನು ಯಾರೂ ಹೊರಗೆ ಹಾಕಲಿಲ್ಲ. ಬೋಲಿ ತಾತನಿಗೂ ಊರಿಗೂ ಯಾರೂ ಏನೂ ಹೇಳಲಿಲ್ಲ. ಸುಬಾನ್ ಅವಳು ಬಡಿಸಿದ್ದನ್ನು ಉಣ್ಣುತ್ತಾನೆ, ಉಪ್ಪು ಹೆಚ್ಚಾದರೆ ಹೆಚ್ಚಾಯಿತು ಎನ್ನುತ್ತಾನೆ, ಪೇಟೆಯಿಂದ ಬರುವಾಗ ಅವಳ ಅಡಿಕೆ ಮರೆಯದೆ ತರುತ್ತಾನೆ. ಮೊದಲಿನ ಹಾಗೆಯೇ ಎಂದು ಯಾರಾದರೂ ಅಂದುಕೊಳ್ಳಬೇಕು. ಆದರೆ ಈಗ ಯಾರಿಗಾದರೂ ಏನಾದರೂ ಹೇಳಿ ಕಳಿಸಬೇಕಾದರೆ, ನೆರೆಮನೆಗೆ ಸುತ್ತಿಗೆ ಕೇಳುವಷ್ಟು ಸಣ್ಣ ಮಾತಾದರೂ, ಪೆನಿ ಎದುರಿಗೇ ಕೂತಿದ್ದರೂ, ಅವನು ಮಗಳು ಶಾಲೆಯಿಂದ ಬರುವವರೆಗೆ ಕಾಯುತ್ತಾನೆ.